ಪಂಪಾವತಿ ಎಂಬ ಹೆಸರು: ಅದರ ಮೂಲ ಎಲ್ಲಿಯದು, ಇಂದು ಅಷ್ಟು ವಿರಳವಾದದ್ದೇಕೆ?

ಕಂಪ್ಲಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಹೆಣ್ಣುಮಗು ಬಂದಿದೆ. ತೊಟ್ಟಿಲ ಶಾಸ್ತ್ರ ಹತ್ತಿರವಾಗಿದ್ದು, ಮಗುವಿಗೆ ಪಂಪಾವತಿ ಎಂದೇ ಹೆಸರಿಡಬೇಕೆಂದು ಅತ್ತೆಯವರು ಪಟ್ಟು ಹಿಡಿದಿದ್ದಾರೆ. ಯಜಮಾನರಿಗೆ ಅದು ಹಳೆಯ ಕಾಲದ ಹೆಸರೆನಿಸುತ್ತದೆ. ನನಗೆ ಹೆಸರು ಹಿಡಿಸಿದೆಯಾದರೂ, ನನ್ನ ತವರು ಧಾರವಾಡದ ಕಡೆಯದಾದ್ದರಿಂದ ಇದರ ಹಿನ್ನೆಲೆ ತಿಳಿಯದು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಪಂಪಾಪತಿ ಎಂಬ ಹೆಸರಿನ ಗಂಡಸರನ್ನು ಬ್ಯಾಂಕಿನಲ್ಲಿ, ಗೊಬ್ಬರದ ಅಂಗಡಿಯಲ್ಲಿ, ಅಕ್ಕಿ ಗಿರಣಿಯಲ್ಲಿ ಎಲ್ಲೆಂದರಲ್ಲಿ ಕಂಡಿದ್ದೇನೆ. ಪಂಪಾವತಿ ಎಂಬ ಹೆಣ್ಣುಮಗಳು ಮಾತ್ರ ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರ ಹೊರತು ಬೇರೆ ಯಾರೂ ಕಂಡಿಲ್ಲ. ಇದು ನಿಜವಾಗಿ ದೇವಿಯ ಹೆಸರೇ, ಅಥವಾ ಪಂಪಾಪತಿಗೆ ಜೋಡಿಯಾಗಲೆಂದು ಈಚೆಗೆ ಕಟ್ಟಿದ್ದೇ? ಗಂಡಸರಲ್ಲಿ ಇಷ್ಟು ಹರಡಿರುವುದು ಹೆಂಗಸರಲ್ಲಿ ಏಕೆ ಉಳಿಯಲಿಲ್ಲ? ತಿಳಿದವರು ದಯವಿಟ್ಟು ವಿವರಿಸಬೇಕು.

ತುಂಗಾತೀರ, ಗಂಗಾವತಿ

ತಾಯಿ, ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಕುತೂಹಲದ್ದು. ಆದರೆ ಮೊದಲನೆಯದಕ್ಕೆ ಉತ್ತರ ಹೇಳದೆ ಅದನ್ನು ಮುಟ್ಟುವಂತಿಲ್ಲ.

ದೇವಿಯ ಹೆಸರು ಪಂಪಾ. ಹಂಪಿಯ ಶಿವನಾದ ವಿರೂಪಾಕ್ಷನಿಗೆ ಪಂಪಾಪತಿ ಎಂಬ ಹೆಸರು ಬಂದದ್ದು ಅವಳಿಂದ. ಅವಳ ಹೆಸರು ಅವನಿಂದ ಬಂದದ್ದಲ್ಲ. ಸ್ಥಳಪುರಾಣದ ಪ್ರಕಾರ ಬ್ರಹ್ಮನ ಮಾನಸಪುತ್ರಿಯಾದ ಪಂಪೆಯು ಶಿವನನ್ನೇ ಪತಿಯಾಗಿ ಪಡೆಯಬೇಕೆಂದು ಹೊಳೆಯ ದಂಡೆಯಲ್ಲಿ ತಪಸ್ಸು ಮಾಡಿದಳು. ಶಿವನು ಹೇಮಕೂಟದಲ್ಲಿ ಧ್ಯಾನಸ್ಥನಾಗಿದ್ದನು. ಅದನ್ನು ಕೆಡಿಸಲು ಬಂದ ಮನ್ಮಥನು ಸುಟ್ಟು ಬೂದಿಯಾದನು. ಕೊನೆಗೆ ಶಿವನು ಪಂಪೆಯನ್ನು ವರಿಸಿದಾಗ ಬೆಟ್ಟದ ಮೇಲೆ ಹೊನ್ನಿನ ಮಳೆ ಸುರಿಯಿತು. ವಿರೂಪಾಕ್ಷ ದೇವಾಲಯದ ಪಕ್ಕದ ಮನ್ಮಥ ಹೊಂಡ, ಹೇಮಕೂಟವೆಂಬ ಬೆಟ್ಟದ ಹೆಸರು, ಎರಡೂ ಈ ಕಥೆಗೆ ಸೇರಿದವು. ದೇವಾಲಯದ ರಂಗಮಂಟಪದ ಚಾವಣಿಯಲ್ಲಿ ಹೂಬಾಣ ಹೂಡಿದ ಮನ್ಮಥನ ಚಿತ್ರವನ್ನೂ ಶಿವನ ಕಲ್ಯಾಣದ ಚಿತ್ರವನ್ನೂ ಇಂದಿಗೂ ನೋಡಬಹುದು.

ಪುರಾಣವನ್ನು ಬದಿಗಿಟ್ಟು ನೋಡಿದರೂ ಹೆಸರಿನ ಪ್ರಾಚೀನತೆಗೆ ಕೊರತೆಯಿಲ್ಲ. ತುಂಗಭದ್ರೆಗೆ ಪಂಪಾ ಎಂಬುದು ಹಳೆಯ ಹೆಸರು. ಬಾದಾಮಿ ಚಾಲುಕ್ಯರ ವಿನಯಾದಿತ್ಯನ ಏಳನೆಯ ಶತಮಾನದ ತಾಮ್ರಶಾಸನವೊಂದು ಪಂಪಾತೀರವನ್ನು ಹೆಸರಿಸುತ್ತದೆ, ಅಂದರೆ ವಿಜಯನಗರ ಹುಟ್ಟುವುದಕ್ಕೆ ಆರೇಳು ನೂರು ವರ್ಷ ಮೊದಲೇ ಈ ದಂಡೆ ಹೆಸರಾಗಿತ್ತು. ಪಂಪೆಯು ಮೊದಲು ಈ ಹೊಳೆಯ ಸ್ಥಳೀಯ ದೇವತೆಯಾಗಿದ್ದಳು, ಆಮೇಲೆ ಶಿವನೊಂದಿಗೆ ಅವಳ ವಿವಾಹವನ್ನು ಕಲ್ಪಿಸಿ ಅವಳನ್ನು ಪಾರ್ವತಿಯ ರೂಪವೆಂದು ಪೂಜಿಸತೊಡಗಿದರು ಎಂದು ಹಂಪಿಯ ಚರಿತ್ರೆಯನ್ನು ಅಭ್ಯಾಸ ಮಾಡಿದ ಹಲವು ವಿದ್ವಾಂಸರು ಹೇಳುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ. ಇಂದಿಗೂ ವರ್ಷದ ಎರಡು ದೊಡ್ಡ ಉತ್ಸವಗಳು ಮದುವೆಗೇ ಸಂಬಂಧಿಸಿದವು: ಮಾರ್ಗಶಿರದಲ್ಲಿ ನಿಶ್ಚಿತಾರ್ಥವಾದ ಫಲಪೂಜೆ, ಚೈತ್ರದಲ್ಲಿ ಕಲ್ಯಾಣೋತ್ಸವ ಮತ್ತು ತೇರು. ಹೆಣ್ಣಿನ ಹೆಸರಿನಿಂದ ಗುರುತಿಸಿಕೊಳ್ಳುವ ಗಂಡುದೇವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಹೇಳಿ!

ಒಂದು ಮಾತು ಸೇರಿಸುತ್ತೇನೆ. ಪಂಪಾ ಸರೋವರ ಇರುವುದು ಆನೆಗೊಂದಿಯ ಕಡೆ, ನಮ್ಮ ಗಂಗಾವತಿ ತಾಲ್ಲೂಕಿನಲ್ಲಿ. ದೇವಿಯ ಗುಡಿ ಆಚೆ ದಂಡೆಯ ಹಂಪಿಯಲ್ಲಿ, 2021ರಿಂದ ಅದು ವಿಜಯನಗರ ಜಿಲ್ಲೆಗೆ ಸೇರಿದೆ. ದೇವಿ ನಮ್ಮವಳೆಂದು ಎರಡೂ ಕಡೆಯವರು ಜಗಳವಾಡಲು ಇಷ್ಟು ಸಾಕು.

ಮಾನ್ವಿಯ ಮೇಷ್ಟ್ರು

ಗಂಗಾವತಿಯವರು ಮೂಲವನ್ನು ಚೆನ್ನಾಗಿ ಹೇಳಿದ್ದಾರೆ. ಹೆಸರಿನ ಬಳಕೆಯ ಬಗ್ಗೆ ನನ್ನ ಅನುಭವದ ಮಾತನ್ನು ಹೇಳುತ್ತೇನೆ, ಏಕೆಂದರೆ ಈ ಹೆಸರು ವಿರಳ ಎಂಬುದನ್ನೇ ನಾನು ಪೂರ್ತಿ ಒಪ್ಪುವುದಿಲ್ಲ.

ಸೋದರಿಯವರೇ, ನೀವು ಹುಡುಕಬೇಕಾದದ್ದು ಪಂಪಾವತಿಯನ್ನಲ್ಲ, ಹಂಪಮ್ಮನನ್ನು. ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾಗಿ ಪಾಲು ಹಾಲಾದಂತೆ, ಪೂ ಹೂವಾದಂತೆ, ಪಂಪೆಯು ಹಂಪೆಯಾಯಿತು. ಊರಿನ ಹೆಸರು ಹೀಗೆ ಹುಟ್ಟಿತು. ಊರಿನ ಜೊತೆಗೇ ಜನರ ಹೆಸರುಗಳೂ ಹಂಪಯ್ಯ, ಹಂಪಣ್ಣ, ಹಂಪನಗೌಡ, ಹಂಪಮ್ಮ, ಹಂಪವ್ವ ಎಂದು ಆಡುಮಾತಿನ ದಾರಿ ಹಿಡಿದವು. ನಮ್ಮ ಮಾನ್ವಿ, ಸಿರವಾರ, ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಅರವತ್ತು ದಾಟಿದ ಹೆಂಗಸರ ನಡುವೆ ಹಂಪಮ್ಮ ಎಂದು ಕೂಗಿದರೆ ಒಬ್ಬರಾದರೂ ತಿರುಗಿ ನೋಡದಿರುವುದಿಲ್ಲ. ಪಂಪಾವತಿ ಮತ್ತು ಹಂಪಮ್ಮ ಎರಡು ಹೆಸರಲ್ಲ, ಒಂದೇ ಹೆಸರು. ಒಂದು ದೇವಸ್ಥಾನದ ಮಂತ್ರದಿಂದ ಬಂದದ್ದು, ಇನ್ನೊಂದು ಹೊಲದ ಬದುವಿನಿಂದ ಬಂದದ್ದು.

ಇದಕ್ಕೆ ಶಾಲೆಯ ದಾಖಲಾತಿ ರಿಜಿಸ್ಟರುಗಳೇ ಸಾಕ್ಷಿ. ನಾನು ಕೆಲಸ ಮಾಡಿದ ಒಂದು ಹಳೆಯ ಶಾಲೆಯಲ್ಲಿ ಕಪ್ಪು ರಟ್ಟಿನ ಉದ್ದನೆಯ ರಿಜಿಸ್ಟರೊಂದಿತ್ತು. ಅದರಲ್ಲಿ ಒಂದು ಹುಡುಗಿಯ ಹೆಸರನ್ನು ಮೊದಲು ಹಂಪಮ್ಮ ಎಂದು ಬರೆದು, ಅದರ ಮೇಲೆ ಅಡ್ಡಗೆರೆ ಎಳೆದು, ಅದೇ ಕೈಬರಹದಲ್ಲಿ ಪಂಪಾವತಿ ಎಂದು ತಿದ್ದಿ, ಪಕ್ಕದಲ್ಲಿ ಮುಖ್ಯೋಪಾಧ್ಯಾಯರು ಕೆಂಪು ಮಸಿಯಲ್ಲಿ ಚಿಕ್ಕ ಸಹಿ ಹಾಕಿದ್ದರು. ತಂದೆತಾಯಿ ಕೇಳಿ ಮಾಡಿಸಿದ ತಿದ್ದುಪಡಿ ಅದಾಗಿರಲಾರದು. ಆ ಕಾಲದ ಮೇಷ್ಟ್ರುಗಳಿಗೆ ಹಳ್ಳಿಯ ಹೆಸರುಗಳನ್ನು ಶುದ್ಧ ಮಾಡುವ ಒಂದು ಚಟವಿತ್ತು: ಈರಮ್ಮ ವೀರಮ್ಮನಾಗುತ್ತಿದ್ದಳು, ಎಲ್ಲಮ್ಮ ರೇಣುಕಾ ಆಗುತ್ತಿದ್ದಳು, ಹಂಪಮ್ಮ ಪಂಪಾವತಿಯಾಗುತ್ತಿದ್ದಳು. ಹುಡುಗಿ ಶಾಲೆ ಬಿಟ್ಟ ದಿನವೇ ಮತ್ತೆ ಹಂಪಮ್ಮನಾಗುತ್ತಿದ್ದಳು, ಆ ಮಾತು ಬೇರೆ. ಆದ್ದರಿಂದ ಪಂಪಾವತಿ ಎಂಬುದು ಬಹುಮಟ್ಟಿಗೆ ಓದು ಮುಂದುವರಿಸಿದ ಹೆಣ್ಣುಮಕ್ಕಳಲ್ಲಿ ಮಾತ್ರ ಉಳಿಯಿತು. ನಿಮಗೆ ಗೊತ್ತಿರುವ ಒಬ್ಬರೇ ಪಂಪಾವತಿಯವರು ಶಿಕ್ಷಕಿಯಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಶಾಸನಪ್ರಿಯ, ಬಳ್ಳಾರಿ

ಮೇಷ್ಟ್ರ ಮಾತಿಗೆ ನನ್ನ ಅರ್ಧ ಒಪ್ಪಿಗೆ ಇದೆ. ಉಳಿದರ್ಧವನ್ನು ಒಪ್ಪದಿರುವುದಕ್ಕೆ ಕಾರಣ ಹೇಳುತ್ತೇನೆ.

ಪಂಪಾವತಿ ಎಂಬ ರೂಪವನ್ನು ಮೇಷ್ಟ್ರುಗಳು ಕಟ್ಟಿದರೆನ್ನುವುದಾದರೂ, ಪಂಪಾ ಎಂಬುದನ್ನು ಹೆಣ್ಣುಮಕ್ಕಳಿಗೆ ಇಡುವ ರೂಢಿ ಶಾಲೆಗಳಿಗಿಂತ ಬಹಳ ಹಿಂದಿನದು, ಮತ್ತು ಅದು ತುಂಗಭದ್ರೆಯ ದಂಡೆಗೆ ಮಾತ್ರ ಸೀಮಿತವಾಗಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಹುಂಚದ ಹನ್ನೆರಡನೆಯ ಶತಮಾನದ ಶಾಸನದಲ್ಲಿ ಸಾಂತರ ಮನೆತನದ ಪಂಪಾದೇವಿ ಬರುತ್ತಾಳೆ. ಆಕೆ ಜಿನಭಕ್ತೆ. ಅವಳಿಗೂ ಮೊದಲು ಹತ್ತನೆಯ ಶತಮಾನದಲ್ಲಿ, 941ರಲ್ಲಿ ಆದಿಪುರಾಣವನ್ನು ಬರೆದ ನಮ್ಮ ಆದಿಕವಿಯ ಹೆಸರೇ ಪಂಪ. ಆತನೂ ಜೈನ, ಗಂಡಸು. ಆದುದರಿಂದ ಈ ಹೆಸರನ್ನು ವಿರೂಪಾಕ್ಷನ ಭಕ್ತರ ಸೊತ್ತೆಂದು ಭಾವಿಸಬೇಕಾಗಿಲ್ಲ. ಹಂಪೆಯ ಹರಿಹರ ಕವಿ ಪಂಪಾಶತಕ ಬರೆದು ಈ ಕ್ಷೇತ್ರದ ಹೆಸರನ್ನು ಶೈವ ಸಾಹಿತ್ಯದಲ್ಲಿ ನೆಲೆಗೊಳಿಸಿದ ಎಂಬುದು ನಿಜ. ಆದರೆ ಅದಕ್ಕೆ ಮೊದಲೇ ಹೆಸರು ಮತಗಳ ಗೆರೆ ದಾಟಿತ್ತು.

ಇನ್ನು ವತಿ ಪ್ರತ್ಯಯದ ಸಂಗತಿ. ವ್ಯಾಕರಣದ ಲೆಕ್ಕಕ್ಕೆ ಪಂಪಾವತಿ ಎಂದರೆ ಪಂಪೆಯನ್ನು ಉಳ್ಳವಳು. ದೇವಿಯೇ ಪಂಪೆಯಾಗಿರುವಾಗ ಪಂಪೆಯನ್ನು ಉಳ್ಳವಳೆಂದರೆ ಯಾರು ಎಂದು ಪಂಡಿತರು ಕೇಳಬಹುದು. ಅದು ಅಷ್ಟು ದೊಡ್ಡ ತೊಡಕಲ್ಲ. ಪದ್ಮಾವತಿ, ಲೀಲಾವತಿ, ಕಲಾವತಿ, ಪ್ರಭಾವತಿ ಎಂಬ ಸಾಲು ಜನರ ಕಿವಿಯಲ್ಲಿ ಎಷ್ಟು ಕುಳಿತುಬಿಟ್ಟಿದೆಯೆಂದರೆ, ಒಂದು ಕಾಲಕ್ಕೆ ಯಾವ ಹೆಸರಿಗಾದರೂ ವತಿ ಸೇರಿಸಿದರೆ ಅದು ಹೆಣ್ಣುಮಗಳ ಹೆಸರಾಗಿ ಸಲ್ಲುತ್ತಿತ್ತು. ಜೊತೆಗೆ ಪಂಪಾಪತಿ ಎಂಬುದರ ನಾದ ಬೇರೆ ಎದುರಿಗಿತ್ತು. ಹಾಗಾಗಿ ನಿಮ್ಮ ಅನುಮಾನ ಪೂರ್ತಿ ಆಧಾರವಿಲ್ಲದ್ದೇನಲ್ಲ: ದೇವಿ ಹಳಬಳು, ವತಿ ಹೊಸದು.

ಸಿಂಧನೂರು ನಿವಾಸಿ

ಚರ್ಚೆಗೆ ಇನ್ನೊಂದು ದಾರಿಯಿಂದ ಬಂದ ಪಂಪಾಳನ್ನು ಸೇರಿಸಲು ಬಯಸುತ್ತೇನೆ. ನನ್ನ ಕಾಲೇಜಿನಲ್ಲಿ ಪಂಪಾ ಎಂಬ ಸಹಪಾಠಿ ಇದ್ದಳು. ಹಂಪಿಯ ಹರಕೆಯಿಂದ ಹುಟ್ಟಿದವಳಿರಬೇಕೆಂದು ನಾವೆಲ್ಲ ತಿಳಿದಿದ್ದೆವು. ವಿಚಾರಿಸಿದರೆ ಅವಳು ಇಲ್ಲಿನ ಪುನರ್ವಸತಿ ಕ್ಯಾಂಪಿನ ಬಂಗಾಳಿ ಕುಟುಂಬದವಳು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸಿಂಧನೂರು ತಾಲ್ಲೂಕಿನಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿದ ಕ್ಯಾಂಪುಗಳು ಎಲ್ಲರಿಗೂ ಗೊತ್ತಿರುವವೇ. ಬಂಗಾಳದಲ್ಲಿ ಪಂಪಾ ಎಂಬುದು ಹೆಣ್ಣುಮಕ್ಕಳಿಗೆ ಇಡುವ ಸಾಮಾನ್ಯ ಹೆಸರಂತೆ. ಅದರಲ್ಲಿ ಹಳೆಯದೆಂಬ ಭಾವನೆಯೇ ಇಲ್ಲ. ವಾಲ್ಮೀಕಿ ರಾಮಾಯಣದಲ್ಲಿ ಕಿಷ್ಕಿಂಧಾಕಾಂಡದ ಮೊದಲ ಸರ್ಗವೇ ವಸಂತದ ಪಂಪಾ ಸರೋವರದ ವರ್ಣನೆಯಾದ್ದರಿಂದ, ಕೊಳದ ಹೆಸರು ಕಾವ್ಯದ ಮೂಲಕ ಅಷ್ಟು ದೂರ ಹೋಗಿರಬೇಕು. ಹೆಸರಿನ ತವರೂರಿನವರಾದ ನಾವು ಅದನ್ನು ಬಿಟ್ಟೆವು. ಸಾವಿರಾರು ಕಿಲೋಮೀಟರ್ ಆಚೆಯವರು ಇಟ್ಟುಕೊಂಡರು. ಅವರು ಅದನ್ನು ಹೊತ್ತುಕೊಂಡು ತವರೂರಿನ ಸಮೀಪಕ್ಕೇ ಬಂದು ನೆಲೆಸಿದರು!

ಕಂಪ್ಲಿ ಸೊಸೆ

ಎಲ್ಲರಿಗೂ ಧನ್ಯವಾದ. ಹಂಪಮ್ಮ ಎಂಬ ಮಾತು ಬಂದ ಕೂಡಲೇ ಅತ್ತೆಯವರನ್ನು ಕೇಳಿದೆ. ಅವರ ಸೋದರತ್ತೆಯ ಹೆಸರು ಹಂಪಮ್ಮನಂತೆ. ಆದರೂ ಮಗುವಿಗೆ ಹಂಪಮ್ಮ ಎಂದು ಇಡೋಣವೇ ಎಂದರೆ ಅವರೇ ಬೇಡವೆನ್ನುತ್ತಾರೆ. ಗಂಡುಮಕ್ಕಳಲ್ಲಿ ಏಕೆ ಉಳಿಯಿತು ಎಂಬುದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ಕೊಪ್ಪಳದ ಅಕ್ಕ

ಅದಕ್ಕೆ ನಾನು ಹೇಳುತ್ತೇನೆ, ತಂಗಿ. ನಮ್ಮ ಕಡೆ ಗಂಡುಮಗುವಿಗೆ ಅಜ್ಜನ ಹೆಸರು ಇಡುವುದು ಹೆಚ್ಚುಕಡಿಮೆ ಕಾನೂನಿನಂತೆ ನಡೆದುಬಂದಿದೆ. ಅಜ್ಜ ಪಂಪಾಪತಿಯಾದರೆ ಮೊಮ್ಮಗನೂ ಪಂಪಾಪತಿ. ಕರೆಯುವಾಗ ಪಂಪಣ್ಣನೋ ಪಂಪಿಯೋ ಆಗಬಹುದು, ಅಷ್ಟೇ. ಹೆಣ್ಣುಮಗುವಿನ ವಿಷಯದಲ್ಲಿ ಅಜ್ಜಿಯ ಹೆಸರಿಗಿಂತ ಹರಕೆಗೇ ಮೊದಲ ಮಣೆ. ಮಕ್ಕಳಾಗದವರು, ಹುಟ್ಟಿದ ಮಕ್ಕಳು ಉಳಿಯದವರು ಹೋಗುವುದು ಹುಲಿಗಿಯ ಹುಲಿಗೆಮ್ಮನಲ್ಲಿಗೆ. ಹಂಪಿಗೆ ಮದುವೆಗೋ ತೇರಿಗೋ ಹೋಗುತ್ತಾರೆ. ಕಷ್ಟ ಹೇಳಿಕೊಳ್ಳಲು ಹುಲಿಗಿಗೆ ಹೋಗುತ್ತಾರೆ. ಹಾಗೆ ಬೇಡಿ ಪಡೆದ ಹುಡುಗಿ ಹುಲಿಗೆಮ್ಮನಾಗದೆ ಬೇರೇನಾದಾಳು? ಮುನಿರಾಬಾದ್ ಸುತ್ತಮುತ್ತಲ ಹಳ್ಳಿಗಳಲ್ಲಿ ಒಂದೊಂದು ಮನೆಯಲ್ಲಿ ಇಬ್ಬರು ಹುಲಿಗೆಮ್ಮಂದಿರು ಇದ್ದದ್ದನ್ನು ನೋಡಿದ್ದೇನೆ.

ಎರಡನೆಯ ಕಾರಣವನ್ನು ಯಾರೂ ಹೇಳಲಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರೂ ಅತ್ತೆಯ ಹೆಸರೂ ಒಂದೇ ಆದರೆ, ಸೊಸೆಯ ಹೆಸರನ್ನು ಬದಲಿಸುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ಅತ್ತೆಯ ಹೆಸರನ್ನು ಬಾಯಿಬಿಟ್ಟು ಕರೆಯಬಾರದೆಂಬುದು ಒಂದು ಮರ್ಯಾದೆ, ಬೈಯುವಾಗ ಯಾರನ್ನು ಬೈದರೆಂದು ತಿಳಿಯಬೇಕೆಂಬುದು ಇನ್ನೊಂದು. ಹಂಪಮ್ಮ ಬಹಳ ಬಳಕೆಯಲ್ಲಿದ್ದ ಕಾಲದಲ್ಲಿ ಹಂಪಮ್ಮ ಎಂಬ ಹುಡುಗಿ ಹಂಪಮ್ಮ ಎಂಬ ಅತ್ತೆಯ ಮನೆಗೇ ಹೋಗುವ ಸಂಭವವೂ ಹೆಚ್ಚು. ಆಗ ಅವಳು ಲಕ್ಷ್ಮಿಯೋ ಸುಶೀಲೆಯೋ ಆಗಿಬಿಡುತ್ತಿದ್ದಳು. ಮೊಮ್ಮಕ್ಕಳಿಗೆ ಅಜ್ಜಿಯ ಹೆಸರು ಇಡುವ ಹೊತ್ತಿಗೆ ಅವಳ ತವರಿನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಗಂಡಸಿಗೆ ಇಂಥ ಗಂಡಾಂತರ ಯಾವತ್ತೂ ಬರಲಿಲ್ಲ.

ಮೂರನೆಯದನ್ನು ಹೇಳಲು ಸ್ವಲ್ಪ ಸಂಕೋಚ. ಶಾಲೆಯಲ್ಲಿ ನನ್ನ ಹೆಸರು ಪಂಪಾ. ಬೋರ್‌ವೆಲ್ಲುಗಳು ಊರೂರಿಗೆ ಬಂದ ಕಾಲದಲ್ಲಿ ಓದಿದವಳು ನಾನು. ಹುಡುಗರು ನನ್ನನ್ನು ಪಂಪ್‌ಸೆಟ್ ಎಂದೂ, ಸೈಕಲ್ ಅಂಗಡಿಯ ಮುಂದೆ ಹೋಗುವಾಗ ಗಾಳಿ ಹೊಡಿ ಎಂದೂ ಕರೆದದ್ದಕ್ಕೆ ಲೆಕ್ಕವಿಲ್ಲ. ಹಂಪಮ್ಮ ಎಂಬುದಕ್ಕೆ ಹಳ್ಳಿಯ ಹೆಸರೆಂಬ ತಾತ್ಸಾರ, ಪಂಪಾ ಎಂಬುದಕ್ಕೆ ಈ ಹಾಸ್ಯ. ತಾಯಂದಿರು ಎರಡನ್ನೂ ಬಿಟ್ಟು ಪಲ್ಲವಿ, ಪವಿತ್ರಾ, ಪೂಜಾ ಎಂದು ಇಟ್ಟರೆ ಅವರನ್ನು ದೂರುವುದು ಹೇಗೆ? ಪಂಪಾವತಿ ಎಂದು ಉದ್ದಕ್ಕೆ ಕರೆದರೆ ಈ ಕಾಟ ಕಡಿಮೆ ಎಂಬುದನ್ನು ಮಾತ್ರ ಅನುಭವದಿಂದ ಹೇಳಬಲ್ಲೆ.

ಹೊಸ ಓದುಗ

ಹೆಸರು ವಿರಳವೇನಲ್ಲ. ಚದುರಂಗದ ಕೊನೇರು ಹಂಪಿ ಅವರಿಗೆ ನಮ್ಮ ಹಂಪಿಯ ಹೆಸರನ್ನೇ ಇಟ್ಟಿದ್ದಾರಲ್ಲವೇ? ಆಂಧ್ರದವರೂ ನಮ್ಮ ದೇವಿಯ ಹೆಸರು ಇಡುತ್ತಿದ್ದಾರೆಂದ ಮೇಲೆ ನಾವೇಕೆ ಹಿಂಜರಿಯಬೇಕು?

ಶಾಸನಪ್ರಿಯ, ಬಳ್ಳಾರಿ

ಆ ಹೆಸರಿಗೂ ನಮ್ಮ ಹಂಪಿಗೂ ಸಂಬಂಧವಿಲ್ಲ. 1987ರಲ್ಲಿ ಗುಡಿವಾಡದಲ್ಲಿ ಹುಟ್ಟಿದ ಆಕೆಗೆ ಚಾಂಪಿಯನ್ ಎಂಬ ಪದದಿಂದ ಆ ಹೆಸರನ್ನು ಮಾಡಿದರು, ಮುಂದೆ ಅದರ ಇಂಗ್ಲಿಷ್ ಕಾಗುಣಿತವನ್ನು ರಷ್ಯನ್ ಹೆಸರಿನಂತೆ ಕಾಣುವ ಹಾಗೆ ಅವರ ತಂದೆ ಬದಲಿಸಿದರು. ಹಾಗೆಯೇ ಶಬರಿಮಲೆಗೆ ಹೋಗಿ ಬಂದವರು ಮಗಳಿಗೆ ಪಂಪಾ ಎಂದು ಇಟ್ಟರೆ, ಅದು ಕೇರಳದ ಪಂಪಾ ನದಿಯ ನೆನಪು; ನಮ್ಮ ಹೊಳೆಯದಲ್ಲ. ಕಿವಿಗೆ ಒಂದೇ ಆಗಿ ಕೇಳಿಸಿದವುಗಳನ್ನೆಲ್ಲ ಒಂದೇ ಬಳ್ಳಿಗೆ ಕಟ್ಟಿದರೆ ಹೆಸರುಗಳ ಚರಿತ್ರೆ ಕೆಡುತ್ತದೆ. ನಮ್ಮ ದೇವಿಯ ಹೆಸರು ಇಂದಿಗೂ ದೊಡ್ಡದಾಗಿ ಉಳಿದಿರುವ ಜಾಗ ಬೇಕಿದ್ದರೆ ಜಲಾಶಯವನ್ನು ನೋಡಿ: 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಹಿಂದಿನ ನೀರಿಗೆ ಪಂಪಾಸಾಗರ ಎಂಬ ಹೆಸರಿದೆ. ನಾವೆಲ್ಲ ಅದನ್ನು ಡ್ಯಾಮ್ ಎಂದೇ ಕರೆಯುತ್ತೇವೆ, ಅದೂ ನಿಜ.

ಸಿರುಗುಪ್ಪದ ಮಗ

ನನ್ನ ತಾಯಿಯ ಹೆಸರು ಪಂಪಾವತಿ. ಹೆಸರಿನ ಮೂಲದ ಬಗ್ಗೆ ನನಗೆ ಹೆಚ್ಚು ತಿಳಿಯದು, ಆದರೆ ಆ ಹೆಸರಿನ ಕಾಗದಪತ್ರಗಳ ಕಷ್ಟವನ್ನು ನನ್ನಷ್ಟು ಬಲ್ಲವರು ಕಡಿಮೆ. ಕೈಬರಹದಲ್ಲಿ ಪಕಾರ ಮತ್ತು ವಕಾರಗಳ ನಡುವೆ ಇರುವ ಅಂತರ ತಲೆಯ ಮೇಲಿನ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಎಂಬುದಷ್ಟೇ. ತಾಯಿಯ ಹೊಲದ ಪಹಣಿಯಲ್ಲಿ ವಕಾರದ ತಲೆ ಕೂಡಿರಲಿಲ್ಲ. ಹಳೆಯ ಬರಹವನ್ನು ಕಂಪ್ಯೂಟರಿಗೆ ಏರಿಸಿದವರು ಈ ಸೀಮೆಯಲ್ಲಿ ಪಂಪಾಪತಿಯೇ ಇರಬೇಕೆಂದು ಊಹಿಸಿ ಹಾಗೆಯೇ ಹೊಡೆದರು. ಆಧಾರ್ ಕಾರ್ಡಿನಲ್ಲಿ ಪಂಪಾವತಿ, ಲಿಂಗ ಹೆಣ್ಣು. ಪಹಣಿಯಲ್ಲಿ ಪಂಪಾಪತಿ, ಗಂಡ ಇಂಥವರು ಎಂದು ಕೆಳಗೆ! ಬೆಳೆ ಪರಿಹಾರ ನಿಂತಿತು. ಪ್ರಮಾಣಪತ್ರ ಮಾಡಿಸಿ, ಕಚೇರಿಯಿಂದ ಕಚೇರಿಗೆ ಅಲೆದು ಅದನ್ನು ಸರಿಪಡಿಸುವ ಹೊತ್ತಿಗೆ ಮುಂದಿನ ಬೆಳೆ ಕಣಕ್ಕೆ ಬಂದಿತ್ತು. ಈ ಹೆಸರನ್ನು ಇಡಬೇಡಿ ಎನ್ನುತ್ತಿಲ್ಲ. ಎಲ್ಲ ಕಡೆ ಅಚ್ಚಿನ ಅಕ್ಷರದಲ್ಲಿ ಬರೆಸಿ ಎನ್ನುತ್ತಿದ್ದೇನೆ.

ತುಂಗಾತೀರ, ಗಂಗಾವತಿ

ಈ ಅನುಭವದಲ್ಲಿ ಒಂದು ವಿಚಿತ್ರವಿದೆ. ಗುಡಿಯಲ್ಲಿ ದೇವರು ತನ್ನ ಹೆಸರನ್ನು ದೇವಿಯಿಂದ ಪಡೆದರೆ, ಕಚೇರಿಯಲ್ಲಿ ಹೆಂಗಸಿನ ಹೆಸರನ್ನು ಗಂಡಸಿನ ಹೆಸರು ನುಂಗಿತು. ಪಂಪಾಪತಿ ಎಷ್ಟು ಹರಡಿದೆಯೆಂದರೆ, ಓದುವವನ ಕಣ್ಣು ಅಕ್ಷರವನ್ನು ನೋಡುವ ಮೊದಲೇ ಅದನ್ನು ಓದಿಬಿಡುತ್ತದೆ. ಹೆಸರು ವಿರಳವಾಗಲು ಕೊಪ್ಪಳದ ಅಕ್ಕ ಹೇಳಿದ ಮೂರು ಕಾರಣಗಳ ಪಕ್ಕದಲ್ಲಿ ಇದನ್ನೂ ಇಡಬಹುದು: ಇರುವ ಪಂಪಾವತಿಯರಲ್ಲೂ ಕೆಲವರು ಕಾಗದದ ಮೇಲೆ ಗಂಡಸರಾಗಿದ್ದಾರೆ.

ಮಾನ್ವಿಯ ಮೇಷ್ಟ್ರು

ಇದಕ್ಕೆ ಇನ್ನೂ ಹಳೆಯ ಕಥೆಯಿದೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು, ಕಂದಾಯದ ದಫ್ತರ ಉರ್ದುವಿನಲ್ಲಿ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಅಲ್ಲಿ ಇಂಗ್ಲಿಷ್ ದಫ್ತರ. ಹೊಳೆಯ ಆಚೆ ಈಚೆ ಮದುವೆಯಾಗಿ ಹೋದ ಒಬ್ಬಳೇ ಹೆಂಗಸಿನ ಹೆಸರು ಎರಡು ಸರ್ಕಾರಗಳಲ್ಲಿ ಎರಡು ಲಿಪಿಗಳಲ್ಲಿ ಎರಡು ಬಗೆಯಾಗಿ ಬಿದ್ದಿದ್ದರೆ ಸೋಜಿಗವಿಲ್ಲ. ಬಳ್ಳಾರಿ ಕಡೆಯವರು ಇಂಗ್ಲಿಷಿನಲ್ಲಿ ವತಿಯ ತಕಾರಕ್ಕೆ ಎಚ್ ಸೇರಿಸುತ್ತಾರೆ. ನಮ್ಮ ಕಡೆ ಕೆಲವರು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಪಾಸ್‌ಪೋರ್ಟಿನ ಕಾಲದಲ್ಲಿ ಅದೂ ಒಂದು ತಲೆನೋವು.

ಕಂಪ್ಲಿ ಸೊಸೆ

ಮನೆಯಲ್ಲಿ ಎಲ್ಲ ಓದಿ ಹೇಳಿದೆ. ಯಜಮಾನರು ಪಂಪಾಂಬಿಕಾ ಆಗಬಹುದೇ ಎನ್ನುತ್ತಿದ್ದಾರೆ. ಅತ್ತೆಯವರಿಗೆ ಅದು ಅರ್ಚಕರ ಬಾಯಲ್ಲಿ ಮಾತ್ರ ಚೆಂದವಂತೆ. ತೊಟ್ಟಿಲಲ್ಲಿ ಸೋದರತ್ತೆ ಕಿವಿಯಲ್ಲಿ ಪಂಪಾವತಿ ಎಂದು ಹೇಳಲಿ, ಶಾಲೆಗೆ ಏನೆಂದು ಬರೆಸಬೇಕೆಂಬುದನ್ನು ಆಮೇಲೆ ನೋಡೋಣ ಎಂಬಲ್ಲಿಗೆ ಮಾತು ನಿಂತಿದೆ. ಜನನ ಪತ್ರದಲ್ಲಿ ಹೆಸರಿಲ್ಲದೆ ಎಷ್ಟು ದಿನ ಇರಬಹುದು?

ಸಿರುಗುಪ್ಪದ ಮಗ

ಹುಟ್ಟನ್ನು ನೋಂದಾಯಿಸಲು 21 ದಿನಗಳ ಗಡುವಿದೆ. ಆಗ ಹೆಸರಿಲ್ಲದಿದ್ದರೂ ನೋಂದಣಿಯಾಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೆಯ ಕಲಮಿನಂತೆ, ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು, ಅನಂತರ 15 ವರ್ಷಗಳವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಸೇರಿಸುವಾಗ ಕನ್ನಡ ಮತ್ತು ಇಂಗ್ಲಿಷ್ ಎರಡೂ ರೂಪಗಳನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿಕೊಂಡು ಹೋಗಿ, ಎಚ್ ಅಕ್ಷರ ಬೇಕೋ ಬೇಡವೋ ಎಂಬುದನ್ನು ಮೊದಲೇ ತೀರ್ಮಾನಿಸಿ, ಪ್ರತಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ವಕಾರವನ್ನು ಒಮ್ಮೆ ಓದಿ ನೋಡಿ.